ಯಾರ ಆಕಾಶ, ಯಾರ ಮುನ್ಸೂಚನೆ?

ದಸರೆಯ ಸಂದರ್ಭದಲ್ಲಿ ಮೈಸೂರಿನ ಬನ್ನಿಮಂಟಪದಲ್ಲಿ ವೈಮಾನಿಕ ಪ್ರದರ್ಶನ ನಡೆಯುವ ವರ್ಷಗಳಲ್ಲಿ ನಮ್ಮ ಪರಿಸರಾಸಕ್ತ ಮಿತ್ರರ ನಡುವೆ ಒಂದು ಬಗೆಯ ತಿರಸ್ಕಾರದ ಮಾತು ಕೇಳಿಬರುತ್ತದೆ. ಮೋಡ ಕವಿದಿದೆ, ಗುಡುಗು ಕೇಳಿಸುತ್ತಿದೆ, ಆದರೂ ಹಳ್ಳಿಗಳಿಂದ ಜನ ಬಸ್ಸು ಟೆಂಪೊಗಳಲ್ಲಿ ತುಂಬಿಕೊಂಡು ಯುದ್ಧವಿಮಾನದ ಹೊಗೆ ನೋಡಲು ಓಡುತ್ತಾರಲ್ಲ, ಇವರಿಗೆ ಏನಾಗಿದೆ ಎಂಬುದು ಆ ಮಾತಿನ ಸಾರಾಂಶ. ಈ ತಿರಸ್ಕಾರಕ್ಕೆ ನನ್ನ ಸಮ್ಮತಿಯಿಲ್ಲ. ಗಾಳಿಮಳೆಯನ್ನು ಲೆಕ್ಕಿಸದೆ ಹೊರಟ ಒಕ್ಕಲಿಗನನ್ನು ಹಂಗಿಸುವುದು ಸುಲಭ. ಅವನ ಹೊಲದ ಮೇಲಿನ ಆಕಾಶದ ಬಗ್ಗೆ ಅವನಿಗೆ ಏನನ್ನೂ ಹೇಳದೆ, ವಿಮಾನ ಹಾರುವ ಆಕಾಶದ ಬಗ್ಗೆ ಮಾತ್ರ ಎಲ್ಲವನ್ನೂ ತಿಳಿದಿಟ್ಟುಕೊಳ್ಳುವ ವ್ಯವಸ್ಥೆಯನ್ನು ಪ್ರಶ್ನಿಸುವುದು ಕಷ್ಟ. ನಾವು ಮಾಡಬೇಕಾದದ್ದು ಎರಡನೆಯ ಕೆಲಸ.

ಮೊದಲಿಗೆ ಒಂದು ವಿಷಯವನ್ನು ಸ್ಪಷ್ಟಪಡಿಸುತ್ತೇನೆ. ವಿಮಾನದ ಮೇಲಿನ ಮೋಹ ನಮ್ಮ ಸೀಮೆಗೆ ಹೊರಗಿನಿಂದ ಯಾರೋ ತಂದು ಅಂಟಿಸಿದ್ದಲ್ಲ. 1940ರಲ್ಲಿ ವಾಲಚಂದ ಹೀರಾಚಂದರು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದಾಗ ಮೈಸೂರು ಸಂಸ್ಥಾನ ಅದರಲ್ಲಿ ಪಾಲುದಾರನಾಗಿ ಹಣ ತೊಡಗಿಸಿತ್ತು. ಇಂದು ಸೂರ್ಯಕಿರಣ ತಂಡದ ನೆಲೆ ಇರುವುದು ನಮ್ಮದೇ ಬೀದರಿನಲ್ಲಿ. ಹೇಮಾವತಿ ಜಲಾಶಯದಲ್ಲಿ ಜಮೀನು ಮುಳುಗಿ, ಬೇರೆಡೆ ಬೇಸಾಯ ಮಾಡಿ, ಆಮೇಲೆ ಏರ್ ಡೆಕ್ಕನ್ ಕಟ್ಟಿದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ನಮ್ಮ ಪಕ್ಕದ ಜಿಲ್ಲೆಯವರು. ಹೀಗಿರುವಾಗ ನಾಗಮಂಗಲ ತಾಲ್ಲೂಕಿನ ಹೊಣಕೆರೆಯ ಒಬ್ಬ ರೈತ ಒಂಬತ್ತು ಹಾಕ್ ವಿಮಾನಗಳು ಸಾಲುಗಟ್ಟಿ ಹಾರುವುದನ್ನು ನೋಡಬಯಸಿದರೆ ಅದರಲ್ಲಿ ಅಪರಾಧವೇನೂ ಇಲ್ಲ. ಸುಟ್ಟ ಇಂಧನದ ಲೆಕ್ಕ ಮುಂದಿಟ್ಟು ಅವನಿಗೆ ಉಪದೇಶ ಮಾಡುವವರು ಕಳೆದ ವರ್ಷ ತಾವೇ ಎಷ್ಟು ಸಲ ವಿಮಾನವೇರಿ ಪರಿಸರ ಸಮ್ಮೇಳನಗಳಿಗೆ ಹೋಗಿದ್ದರೆಂಬುದನ್ನೂ ಎಣಿಸಿಕೊಳ್ಳುವುದು ಒಳ್ಳೆಯದು.

ಒಂದು ದಸರೆಯ ಹೊತ್ತಿನಲ್ಲಿ, ರಾಗಿ ತಾಕುಗಳನ್ನು ನೋಡಲೆಂದು ಹೊಣಕೆರೆಯ ಕಡೆ ಹೋಗಿದ್ದೆ. ಬಸ್ಸಿಗೆ ಕಾದಿದ್ದ ಹಿರಿಯರೊಬ್ಬರನ್ನು, "ಮಳೆ ಬರುವ ಹಾಗಿದೆಯಲ್ಲ ಗೌಡ್ರೇ, ಇಂಥದ್ದರಲ್ಲಿ ಎಲ್ಲಿಗೆ ಹೊರಟಿರಿ?" ಎಂದು ಕೇಳಿದೆ. "ಮಳೆ ನಾಳೀಕೂ ಬತ್ತದೆ ಸಾ, ಇಮಾನ ಬತ್ತದಾ?" ಎಂದರು. ಜೊತೆಗಿದ್ದ ಮೊಮ್ಮಗ ನಕ್ಕ. ನಾನು ಹವಾಮಾನ ಇಲಾಖೆಯ ಜಿಲ್ಲಾ ಮುನ್ಸೂಚನೆಯನ್ನು ಓದಿ ಹೇಳಿದೆ: ಅಲ್ಲಲ್ಲಿ ಗುಡುಗುಸಹಿತ ಮಳೆ. "ಅಲ್ಲಲ್ಲಿ ಅಂದ್ರೆ ಎಲ್ಲಿ ಸಾ?" ಎಂಬ ಅವರ ಮರುಪ್ರಶ್ನೆಗೆ ನನ್ನ ಕೈಯಲ್ಲಿದ್ದ ಪಠ್ಯದಲ್ಲಿ ಉತ್ತರವಿರಲಿಲ್ಲ.

ನವರಾತ್ರಿ ಬರುವುದೇ ಗುಡುಗಿನ ಕಾಲದಲ್ಲಿ. ಉತ್ತರೆ, ಹಸ್ತ, ಚಿತ್ತ ಮಳೆಗಳ ಅವಧಿ ಅದು, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೂರನೆಯ ವಾರದವರೆಗೆ. ನೈರುತ್ಯ ಮಾರುತ ಹಿಂದೆ ಸರಿಯುವ ಈ ದಿನಗಳಲ್ಲಿ ಮಂಡ್ಯ-ಮೈಸೂರು ಸೀಮೆಗೆ ವರ್ಷದ ಮುಖ್ಯ ಮಳೆಯಾಗುತ್ತದೆ. ಬೆಳಿಗ್ಗೆ ಬಿಸಿಲು ನೆಲವನ್ನು ಕಾಯಿಸುತ್ತದೆ, ತೇವದ ಗಾಳಿ ಮೇಲೇರುತ್ತದೆ, ಮಧ್ಯಾಹ್ನ ಕಳೆಯುವಷ್ಟರಲ್ಲಿ ಹೂಕೋಸಿನಂತೆ ಉಬ್ಬಿದ ಮೋಡ ಸಂಜೆಯ ಹೊತ್ತಿಗೆ ಸಿಡಿಲಾಗಿ ಇಳಿಯುತ್ತದೆ. ನಮ್ಮ ಗುಡ್ಡಗಳ ಮೇಲೆ ನಿಂತರೆ ಒಂದು ಊರಿನಲ್ಲಿ ಸುರಿಯುವುದೂ ಪಕ್ಕದ ಊರು ಒಣಗಿರುವುದೂ ಒಂದೇ ನೋಟಕ್ಕೆ ಕಾಣುತ್ತದೆ. ಯಲಹಂಕದ ಏರೋ ಇಂಡಿಯಾವನ್ನು ಫೆಬ್ರುವರಿಯಲ್ಲಿ ನಡೆಸುತ್ತಾರೆ. ಅದು ಶುಭ್ರ ಆಕಾಶದ ತಿಂಗಳು. ದಸರೆಗೆ ಅಂಥ ಆಯ್ಕೆಯಿಲ್ಲ. ಪಂಚಾಂಗ ಹೇಳಿದ ದಿನ, ಮೋಡ ಕಟ್ಟುವ ಇಳಿಹೊತ್ತಿನಲ್ಲಿ, ಬಯಲು ಮೈದಾನದಲ್ಲಿ ಸಾವಿರಾರು ಜನರನ್ನು ಕೂಡಿಸುವುದೆಂದರೆ ಸಿಡಿಲಿನ ಸಾಧ್ಯತೆಯನ್ನು ಒಪ್ಪಿಕೊಂಡೇ ಕೂಡಿಸಿದ ಹಾಗೆ.

ವಿಮಾನಕ್ಕೆ ಈ ಅಪಾಯವನ್ನು ಎದುರಿಸುವ ವ್ಯವಸ್ಥೆ ಇದೆ, ಅದೂ ಬಹಳ ಶಿಸ್ತಿನದು. ವಿಮಾನ ನಿಲ್ದಾಣಗಳಲ್ಲಿ ಗಂಟೆಗೊಮ್ಮೆ ಅಥವಾ ಅರ್ಧ ಗಂಟೆಗೊಮ್ಮೆ ಹವಾಮಾನ ವರದಿ ಹೊರಡುತ್ತದೆ. ಗಾಳಿಯ ದಿಕ್ಕು, ವೇಗ, ಎಷ್ಟು ದೂರ ಕಣ್ಣು ಹಾಯುತ್ತದೆ, ಮೋಡದ ತಳ ನೆಲದಿಂದ ಎಷ್ಟು ಅಡಿ ಎತ್ತರದಲ್ಲಿದೆ, ಎಲ್ಲವೂ ಅದರಲ್ಲಿರುತ್ತದೆ. ಮಿಕ್ಕ ಮೋಡಗಳಿಗೆ ಪ್ರಮಾಣ ಮತ್ತು ಎತ್ತರ ಸಾಕು. ಗುಡುಗಿನ ಮೋಡವಾದ ಕ್ಯುಮುಲೋನಿಂಬಸ್ ಹಾಗೂ ಅದಾಗಲು ಬೆಳೆಯುತ್ತಿರುವ ಮೋಡ, ಇವೆರಡನ್ನು ಮಾತ್ರ ಹೆಸರು ಹಿಡಿದು ನಮೂದಿಸುತ್ತಾರೆ. ಅಷ್ಟು ಭಯ, ಅಷ್ಟು ಮರ್ಯಾದೆ. ಮೋಡ ತಗ್ಗಿದ್ದರೆ ಎತ್ತರದ ಸುತ್ತುಗಳನ್ನು ಕೈಬಿಟ್ಟು ಸಮತಲದ ಹಾರಾಟವನ್ನಷ್ಟೇ ತೋರಿಸುವ ಪದ್ಧತಿ ಜಗತ್ತಿನ ಕಸರತ್ತು ತಂಡಗಳಲ್ಲಿದೆ. ಇನ್ನೂ ಕೆಟ್ಟರೆ ಹಾರುವುದೇ ಇಲ್ಲ. "ಇಂದು ಆಗದು" ಎನ್ನುವ ಅಧಿಕಾರ ಪೈಲಟ್‌ಗಿದೆ, ಆ ಅಧಿಕಾರದ ಹಿಂದೆ ಮಾಹಿತಿ ಇದೆ. ಇದು ಸರಿಯಾದದ್ದೇ. 2019ರ ಫೆಬ್ರುವರಿ 19ರಂದು, ಏರೋ ಇಂಡಿಯಾದ ತಾಲೀಮಿನಲ್ಲಿ, ಸೂರ್ಯಕಿರಣದ ಎರಡು ವಿಮಾನಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡದ್ದನ್ನು ನೆನೆದರೆ, ತಿಳಿ ಆಕಾಶದಲ್ಲೂ ಆ ಕೆಲಸ ಎಷ್ಟು ಕಠಿಣವೆಂದು ತಿಳಿಯುತ್ತದೆ.

ಕೆಳಗೆ ನಿಂತವನ ಪಾಡೇನು? 2019ರ ಆ ಏರೋ ಇಂಡಿಯಾದಲ್ಲಿಯೇ, ತಾಲೀಮಿನ ದುರಂತವಾದ ನಾಲ್ಕು ದಿನಕ್ಕೆ, ಒಣಹುಲ್ಲಿನ ಬಯಲಿನಲ್ಲಿ ಮಾಡಿದ್ದ ವಾಹನ ನಿಲುಗಡೆಯಲ್ಲಿ ಬೆಂಕಿ ಹಬ್ಬಿ ಸುಮಾರು 300 ಕಾರುಗಳು ಸುಟ್ಟುಹೋದವು. ಮಳೆಯಿಲ್ಲದ ತಿಂಗಳನ್ನು ಆರಿಸಿಕೊಂಡವರಿಗೆ ಆ ತಿಂಗಳಿನಲ್ಲಿ ಹುಲ್ಲು ಒಣಗಿರುತ್ತದೆ, ಗಾಳಿ ಬೀಸುತ್ತದೆ ಎಂಬುದು ಹೊಳೆಯಲಿಲ್ಲವೇ? 2024ರ ಅಕ್ಟೋಬರ್ 6ರಂದು ಚೆನ್ನೈನ ಮರೀನಾ ಕಡಲತೀರದಲ್ಲಿ ವಾಯುಪಡೆಯ ಪ್ರದರ್ಶನ ನೋಡಲು ಲಕ್ಷಾಂತರ ಜನ ಸೇರಿದರು, ನಡುಹಗಲಿನ ಬಿಸಿಲು, ನೂಕುನುಗ್ಗಲು, ಐವರು ಸತ್ತರು. ವಿಮಾನಗಳೆಲ್ಲ ಸುರಕ್ಷಿತವಾಗಿ ಹಿಂತಿರುಗಿದವು. ಹವಾಮಾನವನ್ನು ಹಾರುವವರ ದೃಷ್ಟಿಯಿಂದ ಮಾತ್ರ ಅಳೆದರೆ ಅಂದು ಪ್ರದರ್ಶನಕ್ಕೆ ಹೇಳಿ ಮಾಡಿಸಿದ ದಿನ. ಹಾರುವುದನ್ನೇ ಕಸುಬಾಗಿಸಿಕೊಂಡವರೂ ನೆಲದ ಮೇಲೆ ಬಿರುಗಾಳಿಗೆ ಸಿಕ್ಕಿಬೀಳುತ್ತಾರೆ. ಅಮೆರಿಕದ ಫ್ಲೋರಿಡಾದ ಲೇಕ್‌ಲ್ಯಾಂಡ್‌ನಲ್ಲಿ ಸ್ವಂತ ವಿಮಾನಗಳಲ್ಲಿ ಬಂದಿಳಿಯುವವರ ‘ಸನ್ ಎನ್ ಫನ್’ ಮೇಳದ ಮೇಲೆ 2011ರ ಮಾರ್ಚ್ 31ರಂದು ಸುಂಟರಗಾಳಿ ಎರಗಿ ಹತ್ತಾರು ವಿಮಾನಗಳು ಮಗುಚಿ ಹಾಳಾದವು.

ಸಿಡಿಲಿಗೆ ನಮ್ಮ ದೇಶದಲ್ಲಿ 2021ರಲ್ಲಿ 2,880 ಮಂದಿ, 2022ರಲ್ಲಿ 2,887 ಮಂದಿ ಬಲಿಯಾದರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಅಂಕಿ ಹೇಳುತ್ತದೆ. ಇವರಲ್ಲಿ ಬಹುಪಾಲು ಹೊಲದಲ್ಲಿದ್ದವರು, ದನ ಕುರಿ ಮೇಯಿಸುತ್ತಿದ್ದವರು, ಮಳೆಗೆಂದು ಮರದಡಿ ನಿಂತವರು. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲಿನ ಮೋಡ ಹತ್ತು ಕಿಲೋಮೀಟರಿನೊಳಗೆ ಇದೆಯೆಂದು ಅರ್ಥ. ಕೂಡಲೇ ಗಟ್ಟಿ ಕಟ್ಟಡದೊಳಗೋ ಬಾಗಿಲು ಮುಚ್ಚಿದ ಬಸ್ಸಿನೊಳಗೋ ಸೇರಬೇಕು, ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವ ತನಕ ಹೊರಬರಬಾರದು. ಶಾಮಿಯಾನದ ಕಬ್ಬಿಣದ ಕಂಬ, ಜನರನ್ನು ತಡೆಯಲು ನಿಲ್ಲಿಸಿದ ಕಬ್ಬಿಣದ ಬೇಲಿ, ಒಂಟಿ ಮರ, ಇವು ಯಾವುವೂ ಆಸರೆಯಲ್ಲ. ಮಳೆ ಇನ್ನೂ ಒಂದು ಹನಿ ಬಿದ್ದಿಲ್ಲವೆಂಬುದು ರಕ್ಷೆಯೂ ಅಲ್ಲ. ಇಷ್ಟನ್ನು ಧ್ವನಿವರ್ಧಕದಲ್ಲಿ ಹೇಳಲು ಎರಡು ನಿಮಿಷ ಸಾಕು. ಮೈದಾನದಿಂದ ಜನರನ್ನು ಕಟ್ಟಡಗಳಿಗೆ ಸಾಗಿಸುವ ದಾರಿಯನ್ನು ಮೊದಲೇ ಗೊತ್ತುಮಾಡಲು ಒಂದು ಸಭೆ ಸಾಕು.

ಆಡಳಿತಕ್ಕೆ ಇಂಥ ಸಿದ್ಧತೆ ಮಾಡುವ ಶಕ್ತಿಯಿಲ್ಲ ಎನ್ನಬೇಡಿ. 2023ರಲ್ಲಿ ಏರೋ ಇಂಡಿಯಾ ಸಲುವಾಗಿ ಯಲಹಂಕ ವಾಯುನೆಲೆಯ ಸುತ್ತ 10 ಕಿಲೋಮೀಟರಿನೊಳಗೆ ಜನವರಿ 30ರಿಂದ ಫೆಬ್ರುವರಿ 20ರವರೆಗೆ ಮಾಂಸದಂಗಡಿಗಳನ್ನು ಮುಚ್ಚಿಸಲು ಬೆಂಗಳೂರು ಮಹಾನಗರ ಪಾಲಿಕೆ ಆದೇಶ ಹೊರಡಿಸಿತು. ಬಿಸಾಡಿದ ಮಾಂಸಕ್ಕೆ ಹದ್ದುಗಳು ಬಂದು ವಿಮಾನಕ್ಕೆ ಬಡಿಯಬಾರದು ಎಂಬುದು ಕಾರಣ. ಕಾರಣ ಸಕಾರಣವೇ ಇರಲಿ. ಆದರೆ ಹದ್ದಿನ ಊಟದ ಜಾಡು ಹಿಡಿದು ಎರಡು ವಾರ ಮೊದಲೇ ಬೀದಿ ಬೀದಿಗೆ ನೋಟಿಸು ಮುಟ್ಟಿಸಬಲ್ಲ ಸರ್ಕಾರಿ ಯಂತ್ರ, ಹೊಣಕೆರೆಯ ಬಸ್ಸು ಹತ್ತುವವನಿಗೆ ಸಿಡಿಲಿನ ಎರಡು ಮಾತು ಮುಟ್ಟಿಸಲಾರದು ಎಂದರೆ ಯಾರು ನಂಬಬೇಕು?

ಪ್ರದರ್ಶನದ ದಿನ ಕಳೆದುಹೋಗುತ್ತದೆ. ಬೇಸಾಯಗಾರ ಮರಳಿ ಹೋಗುವ ಹೊಲದ ಮೇಲಿನ ಆಕಾಶದ ಪ್ರಶ್ನೆ ಇದಕ್ಕಿಂತ ದೊಡ್ಡದು. ಅಕ್ಟೋಬರ್ ಮೊದಲ ಭಾಗದಲ್ಲಿ ಹೊಣಕೆರೆ ಹೋಬಳಿಯ ಮಳೆಯಾಶ್ರಿತ ರಾಗಿ ಹೂವಿನಿಂದ ಕಾಳು ಕಟ್ಟುವ ಹಂತದಲ್ಲಿರುತ್ತದೆ. ಆಗ ಒಂದು ಹದಮಳೆ ತಪ್ಪಿದರೆ ತೆನೆ ಜೊಳ್ಳು, ಬಿರುಗಾಳಿಯೊಡನೆ ಬಂದರೆ ಪೈರು ಒರಗುತ್ತದೆ, ಮೋಡ ಮುಸುಕಿ ಎಲೆ ಒದ್ದೆಯಾಗಿಯೇ ಉಳಿದರೆ ಬೆಂಕಿರೋಗ. ಹುರುಳಿ ಚೆಲ್ಲಬೇಕೆ, ಇನ್ನೆರಡು ದಿನ ತಡೆಯಬೇಕೆ? ಔಷಧಿ ಹೊಡೆಯಬೇಕೆ, ಬೇಡವೆ? (ರಾಸಾಯನಿಕವಾಗಲಿ ಸಾವಯವ ಕಷಾಯವಾಗಲಿ, ಮಳೆ ಎರಡನ್ನೂ ಸಮಾನವಾಗಿಯೇ ತೊಳೆಯುತ್ತದೆ, ನಮ್ಮ ಮಿತ್ರರು ಇದನ್ನು ಮರೆಯುತ್ತಾರೆ.) ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ನವರು ಇಂಡಾಫ್ ತಳಿಗಳನ್ನು ಬೆಳೆಸಿಕೊಟ್ಟು ಇಳುವರಿಯ ಲೆಕ್ಕವನ್ನೇ ಬದಲಿಸಿದರು. ಎಂಥ ತಳಿಯಾದರೂ ನಾಳಿನ ಮಳೆಯನ್ನು ತಾನೇ ತಿಳಿಯಲಾರದು. ಅದನ್ನು ತಿಳಿಸಬೇಕಾದವರು ನಾವು, ಕೃಷಿ ವಿಜ್ಞಾನಿಗಳು.

ಆ ಕೆಲಸಕ್ಕೆಂದೇ 2018ರಿಂದೀಚೆಗೆ ದೇಶದ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಜಿಲ್ಲಾ ಕೃಷಿ ಹವಾಮಾನ ಘಟಕಗಳು ಏರ್ಪಟ್ಟವು. ವಾರಕ್ಕೆರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ, ಮುಂದಿನ ಐದು ದಿನಗಳ ಮುನ್ಸೂಚನೆಯನ್ನು ತಾಲ್ಲೂಕಿನ ಮಟ್ಟಕ್ಕಿಳಿಸಿ, ಅಲ್ಲಿಯ ಬೆಳೆಗೆ ಹೊಂದಿಸಿ, ಅಲ್ಲಿಯ ಭಾಷೆಯಲ್ಲಿ ಸಲಹೆ ನೀಡುವುದು ಅವುಗಳ ಕರ್ತವ್ಯವಾಗಿತ್ತು. ಅಂಥ 199 ಘಟಕಗಳನ್ನು 2023-24ರ ಆರ್ಥಿಕ ವರ್ಷದ ಕೊನೆಗೆ ಮುಚ್ಚುವಂತೆ ಆದೇಶವಾಯಿತು. ಮಾಹಿತಿಯೆಲ್ಲ ಈಗ ಯಂತ್ರದಿಂದಲೇ ಬರುವಾಗ ಸಿಬ್ಬಂದಿ ಏಕೆ ಎಂಬ ವಾದವೂ ಕೇಳಿಬಂತು. ಪುನಃ ತೆರೆಯುವ ಮಾತು ಅಂದಿನಿಂದ ಆಗಾಗ್ಗೆ ಕೇಳುತ್ತದೆ. ಯಂತ್ರ ‘ಅಲ್ಲಲ್ಲಿ’ ಎನ್ನುತ್ತದೆ. ಎಲ್ಲಿ ಎಂದು ಕೇಳಿದಾಗ ಹೊಲದ ಪರಿಚಯವಿರುವ ಮನುಷ್ಯನೇ ಬೇಕು. 2023ರ ಅಕ್ಟೋಬರಿನಲ್ಲಿ ಬನ್ನಿಮಂಟಪದ ಮೇಲೆ ಸೂರ್ಯಕಿರಣ ತಂಡ ಹಾರಿದ ವರ್ಷವೇ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಅಂಥ ವರ್ಷದ ಬೆನ್ನಿಗೇ ಈ ಘಟಕಗಳ ಬಾಗಿಲು ಮುಚ್ಚಿತು. ಇದಕ್ಕೆ ಮಿತವ್ಯಯ ಎಂದು ಹೆಸರಿಟ್ಟರೆ ನಾನು ಒಪ್ಪಲಾರೆ.

ರಾಜ್ಯ ಸರ್ಕಾರ ಏನನ್ನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದೆ. ಕಾಲು ಗಂಟೆಗೊಮ್ಮೆ ಅಂಕಿ ಕಳುಹಿಸುವ ಇಂಥ ಜಾಲ ಬೇರೆ ರಾಜ್ಯಗಳಲ್ಲಿ ವಿರಳ. ‘ವರುಣ ಮಿತ್ರ’ ಎಂಬ ದೂರವಾಣಿ ಸೇವೆಯನ್ನೂ ‘ಸಿಡಿಲು’ ಎಂಬ ಆ್ಯಪನ್ನೂ ಅದೇ ಕೇಂದ್ರ ರೂಪಿಸಿತು. ನನ್ನ ತಕರಾರು ಅಂಕಿಯ ಪ್ರಯಾಣದ ಬಗ್ಗೆ. ಅದು ಪಂಚಾಯಿತಿಯಿಂದ ಬೆಂಗಳೂರಿಗೆ ಕಾಲು ಗಂಟೆಯಲ್ಲಿ ತಲುಪುತ್ತದೆ, ಬೆಂಗಳೂರಿನಿಂದ ಪಂಚಾಯಿತಿಯ ಕಟ್ಟೆಗೆ ಮರಳುವುದೇ ಇಲ್ಲ. ಆ್ಯಪ್ ಇರುವ ಮೊಬೈಲು ಅನೇಕ ಮನೆಗಳಲ್ಲಿ ಬೆಂಗಳೂರು ಸೇರಿದ ಮಗನ ಜೇಬಿನಲ್ಲಿದೆ; ಸಿಡಿಲಿನ ಮೋಡ ಇಲ್ಲಿ ಕುರಿ ಕಾಯುವ ತಂದೆಯ ತಲೆಯ ಮೇಲಿದೆ.

ಆದ್ದರಿಂದ ನಮ್ಮ ಬಳಗದ ಮುಂದಿನ ಸಭೆಯಲ್ಲಿ ವೈಮಾನಿಕ ಪ್ರದರ್ಶನಕ್ಕೆ ಬಹಿಷ್ಕಾರ ಹಾಕುವ ನಿರ್ಣಯ ಬಂದರೆ ನಾನು ವಿರೋಧಿಸುತ್ತೇನೆ. ಅದರ ಬದಲಿಗೆ ಎರಡು ಮನವಿಗಳಿಗೆ ಸಹಿ ಸಂಗ್ರಹಿಸೋಣ. ಮೊದಲನೆಯದು ಮೈಸೂರು ಜಿಲ್ಲಾಡಳಿತಕ್ಕೆ: ಪ್ರದರ್ಶನಕ್ಕೆ ಹಾರುವವರ ಕೈಯಲ್ಲಿರುವ ಗುಡುಗುಮೋಡದ ಮಾಹಿತಿಯನ್ನು ಅದೇ ಹೊತ್ತಿಗೆ ಮೈದಾನದ ಧ್ವನಿವರ್ಧಕದಲ್ಲಿ ಕನ್ನಡದಲ್ಲಿ ಹೇಳಬೇಕು, ಜನರನ್ನು ಸಾಗಿಸುವ ಕಟ್ಟಡಗಳನ್ನು ಮೊದಲೇ ಗುರುತಿಸಬೇಕು. ಎರಡನೆಯದು ಕೇಂದ್ರದ ಭೂವಿಜ್ಞಾನ ಸಚಿವಾಲಯಕ್ಕೆ: ಮುಚ್ಚಿದ ಕೃಷಿ ಹವಾಮಾನ ಘಟಕಗಳನ್ನು ಪೂರ್ಣ ಸಿಬ್ಬಂದಿಯೊಂದಿಗೆ ತೆರೆಯಬೇಕು. ಉತ್ತರ ಬರುವ ತನಕ ಸುಮ್ಮನೆ ಕೂರುವ ಅಗತ್ಯವೂ ಇಲ್ಲ. ಹೊಣಕೆರೆಯಲ್ಲಿ ಜನ ಬಸ್ಸಿಗೆ ಕಾಯುವಲ್ಲಿ ಒಂದು ಕಪ್ಪು ಹಲಗೆ ಹಾಕಲು ಪಂಚಾಯಿತಿ ಒಪ್ಪಿದರೆ, ಮಳೆಮಾಪಕದ ಅಂಕಿಯನ್ನೂ ಐದು ದಿನದ ಮುನ್ಸೂಚನೆಯನ್ನೂ ಬರೆಯಲು ಮಂಗಳವಾರದ ಪಾಳಿಯನ್ನು ನಾನು ವಹಿಸಿಕೊಳ್ಳುತ್ತೇನೆ. ಶುಕ್ರವಾರಕ್ಕೆ ಒಬ್ಬರು ಬೇಕು. ಬರೆಯುವ ಅಕ್ಷರ ದಪ್ಪಗಿರಲಿ, ಹಿರಿಯರು ದೂರದಿಂದ ಓದುವಂತಿರಲಿ.