'ದುರ್ಬಲ' ಅಂದ್ರೆ ಯಾರು ಮೇಷ್ಟ್ರೇ?

ಪೋಸ್ಟು ಸ್ವಲ್ಪ ಉದ್ದ ಆಯ್ತು, ಆದ್ರೂ ಓದಿ.

ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳ್ತೀನಿ. ಮೊನ್ನೆ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ವಿಜ್ಞಾನದ ಪುಸ್ತಕ ಹಿಡ್ಕೊಂಡು ಬಂದು ಕೇಳಿದ್ಲು: "ಅಣ್ಣಾ, ನಾವು ಪ್ರಬಲಾನಾ, ದುರ್ಬಲಾನಾ?"

ಮೆಂಡಲ್ ಪಾಠ ಮಾಡ್ತಾ ಅವರ ಮೇಷ್ಟ್ರು, "ಓದು ಕೆಲವರ ರಕ್ತದಲ್ಲೇ ಬಂದಿರುತ್ತೆ, ಇನ್ನು ಕೆಲವರಿಗೆ ಎಷ್ಟು ಹೇಳಿದ್ರೂ ಅಷ್ಟೇ" ಅಂದ್ರಂತೆ. ಹೇಳುವಾಗ ಹಿಂದಿನ ಬೆಂಚಿನ ಕಡೆ ನೋಡಿದ್ರಂತೆ. ಹಿಂದಿನ ಬೆಂಚಲ್ಲಿ ಯಾರು ಕೂತಿರ್ತಾರೆ ಅಂತ ನಾನು ಹೇಳ್ಬೇಕಾಗಿಲ್ಲ.

ಮಗೂದೇನು ತಪ್ಪು? ಸರ್ಕಾರ ನಮ್ಮನ್ನು ಕರೆಯೋದು 'ದುರ್ಬಲ ವರ್ಗ' ಅಂತ. ಪಾಠದಲ್ಲಿ ರಿಸೆಸಿವ್ ಗುಣಕ್ಕೆ ಇಟ್ಟಿರೋ ಹೆಸರೂ 'ದುರ್ಬಲ'. ಎರಡನ್ನೂ ಕೂಡಿಸಿ ಲೆಕ್ಕ ಹಾಕಿದ್ಲು.

ಬೋರ್ಡ್ ಮೇಲೆ ಪನ್ನೆಟ್ ಚೌಕ ಬರೆದೆ. ಎರಡು ಉದ್ದದ ಬಟಾಣಿ ಗಿಡ, ಎರಡರೊಳಗೂ ಗಿಡ್ಡ ಗುಣದ ಒಂದೊಂದು ಜೀನ್ ಅಡಗಿದೆ. ಒಂದರ ಜೀನುಗಳನ್ನು ಮೇಲೆ ಬರಿ, ಇನ್ನೊಂದರದನ್ನು ಪಕ್ಕದಲ್ಲಿ ಬರಿ, ನಾಲ್ಕು ಮನೆ ತುಂಬು. ಮೂರು ಉದ್ದ, ಒಂದು ಗಿಡ್ಡ. ಮೆಂಡಲ್ 1064 ಗಿಡ ಎಣಿಸಿದಾಗ ಸಿಕ್ಕಿದ್ದು 787 ಉದ್ದ, 277 ಗಿಡ್ಡ. ಗಿಡ್ಡ ಗುಣ ಹಿಂದಿನ ತಲೆಮಾರಲ್ಲಿ ಪೂರ್ತಿ ಮರೆಯಾಗಿತ್ತು, ಸತ್ತಿರಲಿಲ್ಲ. ಎಳ್ಳಷ್ಟೂ ಕರಗದೆ ವಾಪಸ್ ಬಂತು. ಇದನ್ನ ದುರ್ಬಲ ಅಂತ ಕರೆದ ಪುಣ್ಯಾತ್ಮ ಯಾರೋ! 'ಅಡಗಿದ ಗುಣ' ಅಂದಿದ್ರೆ ಸಾಕಿತ್ತು.

ಈ ಚೌಕ ನಡೆಯೋದು ಒಂದೆರಡು ಜೀನಿನ ಲೆಕ್ಕಕ್ಕೆ. ಮನುಷ್ಯನ ಎತ್ತರಕ್ಕೇ ಇದು ಸಾಲಲ್ಲ. ಅಲ್ಲಿ ಜೀನುಗಳ ಸಾವಿರಾರು ಸಣ್ಣ ವ್ಯತ್ಯಾಸ ಸೇರಿರ್ತವೆ, ಜೊತೆಗೆ ಮಗು ಉಂಡ ಅನ್ನ, ಕುಡಿದ ನೀರು. ಹಾಗಿರುವಾಗ ಓದಿಗೆ ಯಾವ ಚೌಕ ಬರೀತೀರಿ ಮೇಷ್ಟ್ರೇ? ಜೀತ ಮಾಡಿದ ಮನೆಯ ಮಗುವಿನ ಮಾರ್ಕ್ಸ್ ಕಾರ್ಡಲ್ಲಿ ಜೀನ್ ಹುಡುಕೋರು ಜೀತದ ಹೆಸರನ್ನೇ ಎತ್ತಲ್ಲ, ನೋಡಿ.

ಚೌಕ ಮಾಡಿದ ಕೇಂಬ್ರಿಡ್ಜಿನ ರೆಜಿನಾಲ್ಡ್ ಪನ್ನೆಟ್ಟೂ 'ಒಳ್ಳೆ ತಳಿ' ಸಿದ್ಧಾಂತದ ಕಡೆಯವನೇ. ಆದ್ರೆ 1917ರಲ್ಲಿ ಅವನೇ ಒಂದು ಲೆಕ್ಕ ಹಾಕಿದ. ಮಂದಬುದ್ಧಿ ಅನ್ನೋದು ಒಂದೇ ಜೀನಿನ ಅಡಗಿದ ಗುಣ ಅಂತಿಟ್ಕೊಂಡು, ಅಂಥವರಿಗೆ ಮಕ್ಕಳಾಗದಂತೆ ತಡೆದ್ರೆ ಅದು ಹೋಗೋಕೆ ಎಷ್ಟು ಕಾಲ ಬೇಕು ಅಂತ. ಬಂದ ಉತ್ತರ ಸಾವಿರಾರು ವರ್ಷ. ಯಾಕಂದ್ರೆ ಅಡಗಿರೋದು ಬೇರೆಯವರ ಮನೇಲೂ ಇರುತ್ತಲ್ಲ, 'ಒಳ್ಳೆ' ಮನೆಗಳಲ್ಲೂ!

ಜಾತಿಗೆ ಚೌಕ ಬರೀರಿ ನೋಡೋಣ. ಅಪ್ಪ ಮೇಲ್ಜಾತಿ, ಅವ್ವ ಆದಿವಾಸಿ. ಗುಜರಾತಿನ ಇಂಥದ್ದೇ ಒಂದು ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅಪ್ಪನ ಜಾತಿಯೇ ಮಗೂದು ಅಂತ ಕಣ್ಮುಚ್ಚಿ ತೀರ್ಮಾನ ಮಾಡೋ ಹಾಗಿಲ್ಲ, ಮಗು ಯಾರ ಮಧ್ಯೆ ಬೆಳೀತು, ಏನೇನು ಅನುಭವಿಸ್ತು ಅಂತ ನೋಡ್ಬೇಕು ಅಂತ 2012ರಲ್ಲಿ ಕೋರ್ಟ್ ಹೇಳ್ತು. ರಕ್ತ ಪರೀಕ್ಷೆ ಮಾಡಿಸಿ ಅನ್ನಲಿಲ್ಲ.

ರಕ್ತ ನೋಡಲೇಬೇಕಾದ ಜಾಗ ಬೇರೆ ಇದೆ. ಚಾಮರಾಜನಗರದ ಪೋಡುಗಳಲ್ಲಿ, ಮೈಸೂರು ಕಾಡಂಚಿನ ಹಾಡಿಗಳಲ್ಲಿ ಸಿಕಲ್ ಸೆಲ್ ಕಾಯಿಲೆ ಇದೆ. ಗಂಡ ಹೆಂಡತಿ ಇಬ್ಬರೂ ಒಂದೊಂದು ಸಿಕಲ್ ಜೀನ್ ಹೊತ್ತಿದ್ರೆ ಪ್ರತಿ ಬಸಿರಲ್ಲೂ ಮಗುವಿಗೆ ಕಾಯಿಲೆ ಬರೋ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂತು, ಇನ್ನು ಮೂರು ಮಕ್ಕಳು ಪಾರು ಅಂತಲ್ಲ. ಪ್ರತಿ ಸಲವೂ ಹೊಸ ಲೆಕ್ಕ. ನಿಮ್ಮ ಚೌಕಾನ ಅಲ್ಲಿಗೆ ತಗೊಂಡು ಹೋಗಿ, ಮದುವೆಗೆ ಮುಂಚೆ ರಕ್ತ ಪರೀಕ್ಷೆ ಯಾಕೆ ಬೇಕು ಅಂತ ಹುಡುಗ ಹುಡುಗಿಯರಿಗೆ ತಿಳಿಸಿ ಹೇಳಿ. ಕೈ ಮುಗೀತೀನಿ.

ಭಾನುವಾರ ಸಂಜೆ 5ಕ್ಕೆ ಭವನದಲ್ಲಿ ಆ ಹುಡುಗೀನೇ ಚಿಕ್ಕ ಮಕ್ಕಳಿಗೆ ಈ ಪಾಠ ಮಾಡ್ತಾಳೆ. ಮೇಷ್ಟ್ರಿಗೂ ಹೇಳಿ ಕಳಿಸಿದ್ದೀವಿ. ನೀವೂ ಬನ್ನಿ. ಜೈ ಭೀಮ್.