ದೃಷ್ಟಿ ಬಂದ ಮೇಲೆ

ಮೂರು ವರ್ಷಗಳ ವಾಚನಚಕ್ರದ ಮೊದಲ ವರ್ಷ, ತಪಸ್ಸುಕಾಲದ ನಾಲ್ಕನೆಯ ಭಾನುವಾರದ ಬಲಿಪೂಜೆಯಲ್ಲಿ ಹುಟ್ಟುಕುರುಡನೊಬ್ಬನು ದೃಷ್ಟಿ ಪಡೆದ ವೃತ್ತಾಂತವನ್ನು ನಾವೆಲ್ಲರೂ ಕೇಳಿದ್ದೇವೆ. ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯವದು. ವಾಚನ ದೀರ್ಘವಾದುದು, ನಿಂತು ಕೇಳುವ ಮಕ್ಕಳ ಕಾಲು ಸೋತು, ತಾಯಂದಿರ ಸೆರಗು ಹಿಡಿದು ಎಳೆಯುವುದುಂಟು. ಆದರೆ ಅದರ ಅಳತೆಯನ್ನು ಎಂದಾದರೂ ಗಮನಿಸಿದ್ದೇವೆಯೇ? ಗುಣವಾಗುವ ಪ್ರಸಂಗವು ಏಳೇ ವಚನಗಳಲ್ಲಿ ಮುಗಿದುಹೋಗುತ್ತದೆ. ಉಳಿದ 34 ವಚನಗಳು ಹೇಳುವುದು ಅನಂತರದ ಕಥೆಯನ್ನು. ಅವನು ಅವನೇ ಹೌದೋ ಅಲ್ಲವೋ ಎಂದು ನೆರೆಹೊರೆಯವರು ಜಗಳಾಡುತ್ತಾರೆ. ಫರಿಸಾಯರು ವಿಚಾರಣೆ ನಡೆಸುತ್ತಾರೆ. ಹೆತ್ತವರು ಅಂಜಿ ಜಾರಿಕೊಳ್ಳುತ್ತಾರೆ. ಕೊನೆಗೆ ಅವನನ್ನು ಹೊರಗಟ್ಟುತ್ತಾರೆ. ‘ಮಗನೇ, ನೀನು ಮೊದಲ ಬಾರಿಗೆ ನೋಡಿದ್ದೇನು?’ ಎಂದು ಇಷ್ಟು ಮಂದಿಯಲ್ಲಿ ಒಬ್ಬರೂ ಕೇಳುವುದಿಲ್ಲ.

ಇದೇ ಕೊರತೆಯನ್ನು ಕುರಿತು ಐರ್ಲೆಂಡಿನಲ್ಲಿ ಒಂದು ನಾಟಕ ಹುಟ್ಟಿತು. ಜಾನ್ ಮಿಲ್ಲಿಂಗ್‌ಟನ್ ಸಿಂಜ್ ಬರೆದ ‘ಸಂತರ ಬಾವಿ’ 1905ರ ಫೆಬ್ರವರಿಯಲ್ಲಿ ಡಬ್ಲಿನ್ನಿನ ಆಬಿ ರಂಗಮಂದಿರದಲ್ಲಿ ಮೊದಲು ಪ್ರದರ್ಶನಗೊಂಡಿತು. ಸಿಂಜ್ ಪ್ರೊಟೆಸ್ಟೆಂಟ್ ಮನೆತನದವನು. ಆದರೂ ಆತ 1898ರಿಂದ ಮತ್ತೆ ಮತ್ತೆ ಅರಾನ್ ದ್ವೀಪಗಳಿಗೆ ಹೋಗಿ, ಅಲ್ಲಿಯ ಕಥೋಲಿಕ ಬೆಸ್ತರ ನಡುವೆ ಇದ್ದು, ಅವರ ಮಾತನ್ನೂ ಭಕ್ತಿಯನ್ನೂ ಕಿವಿಗೊಟ್ಟು ಕೇಳಿದವನು. ಅಲ್ಲಿಯ ದೊಡ್ಡ ದ್ವೀಪದಲ್ಲಿ ನಾಲ್ವರು ಸಂತರ ಹೆಸರಿನ ಪಾಳುಬಿದ್ದ ದೇವಾಲಯವೊಂದಿದೆ. ಅದರ ಬಳಿಯಲ್ಲಿ ಕುರುಡು ನೀಗುವುದೆಂದು ಜನರು ನಂಬಿದ್ದ ಬಾವಿ. ಸಿಂಜ್‌ಗೆ ಆ ಜಾಗವನ್ನು ತೋರಿಸಿದ ಮುದುಕನಿಗೆ ಅರೆಗುರುಡು. ಕುರುಡು ಮಗನನ್ನು ಕರೆದುಕೊಂಡು ಸಮುದ್ರ ದಾಟಿ ಅಲ್ಲಿಗೆ ಬಂದ ತಾಯಿಯೊಬ್ಬಳ ಕಥೆಯನ್ನು ಸಿಂಜ್ ಅಲ್ಲಿಯೇ ಕೇಳಿ ಬರೆದಿಟ್ಟುಕೊಂಡ. ನಾಟಕದ ಬೀಜ ಮೊಳೆತದ್ದು ಆ ಬಾವಿಯ ದಡದಲ್ಲಿ.

ನಾಟಕದ ಮಾರ್ಟಿನ್ ಡೌಲ್ ಮತ್ತು ಮೇರಿ ಡೌಲ್ ವಯಸ್ಸಾದ ದಂಪತಿಗಳು, ಇಬ್ಬರೂ ಕುರುಡರು. ದಾರಿಬದಿಯಲ್ಲಿ ಕುಳಿತು ಭಿಕ್ಷೆ ಬೇಡುವುದು ಅವರ ಜೀವನ. ಅವರಿಬ್ಬರೂ ಅತಿ ಸುಂದರರೆಂದು ಊರವರು ವರ್ಷಗಟ್ಟಲೆ ತಮಾಷೆಗಾಗಿ ನಂಬಿಸಿದ್ದಾರೆ. ಅಲೆಮಾರಿ ಸನ್ಯಾಸಿಯೊಬ್ಬರು ಆ ಬಾವಿಯ ತೀರ್ಥವನ್ನು ತಂಬಿಗೆಯಲ್ಲಿ ತರುತ್ತಾರೆ. ಅವರನ್ನು ನಾಟಕವು ‘ಸಂತ’ ಎಂದೇ ಕರೆಯುತ್ತದೆ. ಮೊದಲು ಮಾರ್ಟಿನ್‌ಗೆ ದೃಷ್ಟಿ ಬರುತ್ತದೆ. ಹೊರಗೆ ಓಡಿ ಬಂದವನು ಹೊಂಬಣ್ಣದ ಕೂದಲಿನ ಮಾಲಿ ಬರ್ನ್ ಎಂಬ ತರುಣಿಯನ್ನು ಕಂಡು, ಇವಳೇ ನನ್ನ ಹೆಂಡತಿಯೆಂದು ಭ್ರಮಿಸುತ್ತಾನೆ. ನೆರೆದವರು ಬಿದ್ದು ಬಿದ್ದು ನಗುತ್ತಾರೆ. ಬಳಿಕ ಮೇರಿಗೂ ದೃಷ್ಟಿ ಬರುತ್ತದೆ. ಕತ್ತಲೆಯಲ್ಲಿ ಒಬ್ಬರನ್ನೊಬ್ಬರು ಆಶ್ರಯಿಸಿ ಬಾಳಿದ ಗಂಡಹೆಂಡಿರು ಬೆಳಕಿನಲ್ಲಿ ಎದುರುಬದುರು ನಿಂತು, ಒಬ್ಬರ ಕುರೂಪವನ್ನು ಇನ್ನೊಬ್ಬರು ಹಳಿಯುತ್ತಾ ಕೋಲೆತ್ತುವವರೆಗೆ ಹೋಗುತ್ತಾರೆ.

ಆಗ ಸಂತರು ಒಂದು ಉಪದೇಶ ಮಾಡುತ್ತಾರೆ: ನಿಮ್ಮ ನಿಮ್ಮ ಮುಖವನ್ನು ನೋಡಿಕೊಳ್ಳುವುದನ್ನು ಬಿಟ್ಟು ಬೆಟ್ಟಗುಡ್ಡಗಳಲ್ಲಿ ಬೆಳಗುವ ದೇವರ ಮಹಿಮೆಯನ್ನು ನೋಡಿರಿ ಎಂಬುದು ಅದರ ತಾತ್ಪರ್ಯ. ಉಪದೇಶದಲ್ಲಿ ತಪ್ಪೇನೂ ಇಲ್ಲ. ಯಾವ ಪ್ರವಚನಪೀಠದಿಂದಲಾದರೂ ಅದನ್ನು ಹೇಳಬಹುದು. ಆದರೆ ಅದನ್ನು ಹೇಳಿ ಅವರು ತಮ್ಮ ದಾರಿ ಹಿಡಿದು ಹೊರಟುಹೋಗುತ್ತಾರೆ. ಅವರು ಮಾಡಿದ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಅದು ಅಲ್ಲಿಗೇ ನಿಂತುಹೋಯಿತೆಂಬುದಷ್ಟೇ ನಮ್ಮ ಕೊರಗು.

ಮುಂದೆ ದಂಪತಿಗಳು ಬೇರೆಯಾಗುತ್ತಾರೆ. ಕಣ್ಣಿದ್ದವನಿಗೆ ಭಿಕ್ಷೆ ಹಾಕುವವರು ಯಾರು? ಮಾರ್ಟಿನ್ ಟಿಮ್ಮಿ ಎಂಬ ಕಮ್ಮಾರನ ಬಳಿ ಚಳಿಯಲ್ಲಿ ಕಟ್ಟಿಗೆ ಕಡಿಯುತ್ತಾ ಬೈಗುಳ ತಿನ್ನುತ್ತಾನೆ. ತನ್ನೊಡನೆ ಬರುವಂತೆ ಮಾಲಿಯನ್ನು ಬೇಡಿ, ಎಲ್ಲರ ಮುಂದೆ ಅವಮಾನಿತನಾಗುತ್ತಾನೆ. ಅಷ್ಟರಲ್ಲಿ ದೃಷ್ಟಿ ಮತ್ತೆ ಮಂಜಾಗುತ್ತದೆ. ಮೇರಿಯದೂ ಹಾಗೆಯೇ. ವಸಂತದ ಆರಂಭದಲ್ಲಿ, ಪುನಃ ಕುರುಡರಾದ ಇಬ್ಬರೂ ತಡಕಾಡುತ್ತಾ ಹಳೆಯ ಜಾಗಕ್ಕೇ ಬಂದು ಸೇರುತ್ತಾರೆ. ಕೂದಲು ಪೂರ್ತಿ ನರೆತ ಮೇಲೆ ನಾನು ನೋಡಲು ಅಂದವಾಗಿರುತ್ತೇನೆಂದು ಅವಳು ಹೇಳಿಕೊಳ್ಳುತ್ತಾಳೆ. ನಾನೂ ರೇಷ್ಮೆಯಂಥ ಬಿಳಿಯ ಗಡ್ಡ ಬಿಡುತ್ತೇನೆಂದು ಅವನು. ಮನಸ್ಸು ಕರಗಿಸುವ ದೃಶ್ಯವದು. ಅಷ್ಟರಲ್ಲಿ ಸಂತರ ಗಂಟೆಯ ಸದ್ದು ಕೇಳಿಸುತ್ತದೆ. ಇಬ್ಬರೂ ಅಡಗಿಕೊಳ್ಳಲು ಹೆಣಗುತ್ತಾರೆ. ಟಿಮ್ಮಿಗೂ ಮಾಲಿಗೂ ಮದುವೆ ಮಾಡಿಸಲು ಬಂದ ಸಂತರು ಎರಡನೆಯ ಬಾರಿ ತೀರ್ಥವನ್ನು ನೀಡಲು ಮುಂದಾದಾಗ ಮಾರ್ಟಿನ್ ಆ ತಂಬಿಗೆಯನ್ನು ಹೊಡೆದು ಕೆಡವುತ್ತಾನೆ. ನೀರು ನೆಲದ ಪಾಲಾಗುತ್ತದೆ.

ಡಬ್ಲಿನ್ನಿನ ಪ್ರೇಕ್ಷಕರು ಈ ನಾಟಕವನ್ನು ತಣ್ಣಗೆ ಬರಮಾಡಿಕೊಂಡರು. ಐರಿಷ್ ರೈತರನ್ನು ಕೀಳಾಗಿ ಚಿತ್ರಿಸಿದ್ದಾನೆಂಬ ಗೊಣಗಾಟವೂ ಇತ್ತು. ಎರಡು ವರ್ಷಗಳ ಅನಂತರ, 1907ರಲ್ಲಿ, ಅದೇ ಲೇಖಕನ ಬೇರೊಂದು ನಾಟಕಕ್ಕೆ ಅದೇ ರಂಗಮಂದಿರದಲ್ಲಿ ದಾಂಧಲೆಯೇ ನಡೆಯಿತು. ವಾಚಕರಲ್ಲಿಯೂ ಕೆಲವರು ಕೇಳಬಹುದು: ತೀರ್ಥವನ್ನು ಚೆಲ್ಲಿದವನ ಕಥೆಯನ್ನು ಕಥೋಲಿಕ ಕುಟುಂಬಗಳ ಮುಂದಿಡುವುದು ಸರಿಯೇ? ಸಿಹಿಯಾದ ಸುಳ್ಳು ಕಹಿಯಾದ ಸತ್ಯಕ್ಕಿಂತ ಮೇಲೆಂದು ಈ ನಾಟಕ ಹೇಳುತ್ತಿದ್ದರೆ ನಾವು ಅದನ್ನು ಒಪ್ಪುವವರಲ್ಲ. ಸತ್ಯವೇ ಬಿಡುಗಡೆಯೆಂದು ಕಲಿತವರು ನಾವು. ಆದರೆ ಆ ಊರಿನವರು ಸುಳ್ಳನ್ನು ಹೇಳಿದ್ದು ಪ್ರೀತಿಯಿಂದಲ್ಲ, ಮನರಂಜನೆಗಾಗಿ. ಸತ್ಯ ಬಯಲಾದಾಗ ನೆರೆದದ್ದೂ ಮನರಂಜನೆಗಾಗಿಯೇ. ಎರಡು ಸಲವೂ ಆ ಮುದಿ ಜೀವಗಳು ಅವರಿಗೆ ನೋಟದ ವಸ್ತುಗಳು. ಊರಿನ ಕಣ್ಣುಗಳೆಲ್ಲ ನೆಟ್ಟಗಿದ್ದವು, ಕಾಣಬೇಕಾದುದು ಮಾತ್ರ ಯಾರಿಗೂ ಕಾಣಲಿಲ್ಲ.

1994ರಲ್ಲಿ ಐರ್ಲೆಂಡಿನ ಇನ್ನೊಬ್ಬ ನಾಟಕಕಾರ ಬ್ರಯನ್ ಫ್ರೀಲ್ ‘ಮಾಲಿ ಸ್ವೀನಿ’ ಎಂಬ ನಾಟಕ ಬರೆದರು. ಇಲ್ಲಿ ತೀರ್ಥದ ಬದಲು ಶಸ್ತ್ರಚಿಕಿತ್ಸೆ. ಶೈಶವದಿಂದಲೇ ಕುರುಡಿಯಾಗಿದ್ದು, ಸ್ಪರ್ಶ ಗಂಧಗಳ ಲೋಕದಲ್ಲಿ ಸಂತೋಷವಾಗಿಯೇ ಇದ್ದ ನಡುವಯಸ್ಸಿನ ಹೆಣ್ಣುಮಗಳಿಗೆ ಕಣ್ಣು ತೆರೆಸುವ ಉತ್ಸಾಹ ಅವಳ ಗಂಡನಿಗೆ. ಕಳೆದುಕೊಂಡ ಕೀರ್ತಿಯನ್ನು ಮರಳಿ ಗಳಿಸುವ ಆಸೆ ವೈದ್ಯನಿಗೆ. ಕಣ್ಣು ತೆರೆದರೂ ಕಂಡದ್ದು ಏನೆಂದು ತಿಳಿಯಲು ಮಿದುಳು ಮೊದಲಿನಿಂದ ಕಲಿಯಬೇಕಾಗುತ್ತದೆ. ನರವೈದ್ಯ ಆಲಿವರ್ ಸ್ಯಾಕ್ಸ್ 1993ರಲ್ಲಿ ಇಂಥದೇ ಒಬ್ಬ ರೋಗಿಯ ನಿಜವಾದ ಪಾಡನ್ನು ಬರೆದಿದ್ದರು. ಫ್ರೀಲ್ ಅದರಿಂದ ಪ್ರೇರಣೆ ಪಡೆದವರು. ಮಾಲಿ ಸ್ವೀನಿ ಆ ಭಾರ ತಾಳಲಾರದೆ ಕುಸಿಯುತ್ತಾಳೆ. ಗಂಡ ಹೊಸದೊಂದು ಸಾಹಸವನ್ನು ಹುಡುಕಿಕೊಂಡು ಇಥಿಯೋಪಿಯಕ್ಕೆ ಹೋಗುತ್ತಾನೆ. ವೈದ್ಯ ಊರು ಬಿಡುತ್ತಾನೆ. ಅವಳು ಮಾನಸಿಕ ಆಸ್ಪತ್ರೆಯ ಮಂಚದ ಮೇಲೆ ಉಳಿಯುತ್ತಾಳೆ.

ಯೇಸುಸ್ವಾಮಿಯ ರೀತಿಯನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಜೆರಿಕೋವಿನ ಬಾರ್ತಿಮಾಯನನ್ನು ಅವರು ಮೊದಲು ಕೇಳಿದ್ದು, ನನ್ನಿಂದ ನಿನಗೇನಾಗಬೇಕು ಎಂದು. ಕುರುಡನಿಗೆ ಬೇರೆ ಏನು ಬೇಕಾದೀತೆಂದು ನಾವಾದರೆ ಕೇಳುವ ಗೋಜಿಗೇ ಹೋಗುತ್ತಿರಲಿಲ್ಲ. ಬೆತ್ಸಾಯಿದದ ಕುರುಡನನ್ನು ಕೈಹಿಡಿದು ಊರ ಹೊರಗೆ, ನೋಡಲು ನೆರೆಯುವ ಗುಂಪಿನಿಂದ ದೂರಕ್ಕೆ ಕರೆದೊಯ್ದರು. ಏನಾದರೂ ಕಾಣುತ್ತಿದೆಯೇ ಎಂದು ವಿಚಾರಿಸಿದರು. ಮನುಷ್ಯರು ಮರಗಳಂತೆ ಕಾಣುತ್ತಿದ್ದಾರೆ ಎಂದಾಗ ಮತ್ತೊಮ್ಮೆ ಕೈಯಿಟ್ಟರು. ಹುಟ್ಟುಕುರುಡನನ್ನು ಹೊರಗಟ್ಟಿದ ಸುದ್ದಿ ಕಿವಿಗೆ ಬಿದ್ದೊಡನೆ ಅವನನ್ನು ಕಂಡು ಮಾತನಾಡಿಸಿದರು. ಆ 34 ವಚನಗಳಲ್ಲಿ ಅವನನ್ನು ವಿಚಾರಣೆಗಾಗಿ ಅಲ್ಲದೆ ಅವನಿಗಾಗಿಯೇ ಕಂಡವರು ಅವರೊಬ್ಬರೇ.

ನಮ್ಮ ಧರ್ಮಕೇಂದ್ರಗಳಲ್ಲಿ ನೇತ್ರ ತಪಾಸಣಾ ಶಿಬಿರಗಳು ನಡೆಯುವುದುಂಟು. ಫಲಕ, ಭಾಷಣ, ಹಾರ, ಛಾಯಾಚಿತ್ರ ಎಲ್ಲವೂ ಇರುತ್ತವೆ. ಅವುಗಳಿಂದ ಬೆಳಕು ಕಂಡವರು ಅನೇಕರಿದ್ದಾರೆ. ಆ ಸೇವೆಯನ್ನು ನಾವು ಮನಸಾರೆ ಗೌರವಿಸುತ್ತೇವೆ. ಪೊರೆ ತೆಗೆಸಿಕೊಂಡು ಮನೆಗೆ ಬಂದ ಅಜ್ಜಿಗೆ ಹಲವು ವಾರ ದಿನಕ್ಕೆ ನಾಲ್ಕಾರು ಸಲ ಕಣ್ಣಿಗೆ ಔಷಧದ ಹನಿ ಬಿಡಬೇಕು. ಅದನ್ನು ಬಿಡುವ ಕೈ ಯಾವುದು? ಸೊಸೆ ಕೆಲಸಕ್ಕೆ ಹೋಗಿರುತ್ತಾಳೆ, ಮಗ ದುಬೈಯಲ್ಲಿರುತ್ತಾನೆ, ಮೊಮ್ಮಗ ಮೊಬೈಲಿನಿಂದ ತಲೆ ಎತ್ತುವುದಿಲ್ಲ. ವರ್ಷಗಳ ಬಳಿಕ ಕನ್ನಡಿಯಲ್ಲಿ ತನ್ನ ಸುಕ್ಕುಗಳನ್ನು ಸ್ಪಷ್ಟವಾಗಿ ಕಂಡ ಆ ಮುದುಕಿ ನಗುತ್ತಲೋ ನೊಂದೋ ಏನನ್ನಾದರೂ ಹೇಳಿದರೆ, ಕುಳಿತು ಕೇಳುವವರು ಮನೆಯಲ್ಲಿ ಇದ್ದಾರೆಯೇ?

ಸಿಂಜ್‌ನ ನಾಟಕದ ಕೊನೆಯಲ್ಲಿ ಊರವರು ಆ ಕುರುಡ ದಂಪತಿಗಳನ್ನು ಅಟ್ಟಿಬಿಡುತ್ತಾರೆ. ಇಬ್ಬರೂ ದಕ್ಷಿಣದ ದಾರಿ ಹಿಡಿಯುತ್ತಾರೆ. ಆ ದಿಕ್ಕಿನಲ್ಲಿ ಆಳವಾದ ಹೊಳೆಗಳಿವೆ, ಇಬ್ಬರೂ ಮುಳುಗಿಹೋಗುವುದು ಖಂಡಿತವೆಂದು ಕಮ್ಮಾರನಿಗೆ ಗೊತ್ತು; ಹಾಗೆಂದು ಬಾಯಿಬಿಟ್ಟು ಹೇಳುತ್ತಾನೆ ಕೂಡ. ಯಾರೂ ಅವರ ಹಿಂದೆ ಹೋಗುವುದಿಲ್ಲ. ಸಂತರು ವಧೂವರರನ್ನು ಕರೆದುಕೊಂಡು ಮದುವೆಗಾಗಿ ದೇವಾಲಯದೊಳಗೆ ನಡೆಯುತ್ತಾರೆ.