ಗುರುತು ಮರೆಸುವ ಹಗೆ

ಭತ್ತದ ಗದ್ದೆಯಲ್ಲಿ ಒಂದು ಬಗೆಯ ಕಳೆ ಬೆಳೆಯುವುದುಂಟು. ತೆನೆ ಹೊರಡುವವರೆಗೆ ಅದು ಭತ್ತದ ಪೈರಿನಂತೆಯೇ ತೋರುತ್ತದೆ. ನುರಿತ ರೈತನೂ ಅದನ್ನು ಕೀಳಲು ಅನುಮಾನಿಸುತ್ತಾನೆ. ಕಳೆಯೆಂದು ಭ್ರಮಿಸಿ ಪೈರನ್ನೇ ಕಿತ್ತರೆ ನಷ್ಟ ಅವನದೇ. ಮಾನವ ಶರೀರದಲ್ಲಿ ಕ್ಯಾನ್ಸರ್ ಎಂಬುದು ಇಂತಹ ಕಳೆ. ಸಿಡುಬು, ಪೋಲಿಯೊಗಳ ವೈರಸ್ಸುಗಳು ಹೊರಗಿನಿಂದ ಬಂದ ಶತ್ರುಗಳು. ಕ್ಯಾನ್ಸರ್ ಕೋಶವಾದರೋ ದೇಹದ್ದೇ ಆದ, ಮಿತಿಮರೆತು ಬೆಳೆಯುವ ಜೀವಕೋಶ.

ಲಸಿಕೆಯು ತಾನೇ ಶತ್ರುವನ್ನು ಕೊಲ್ಲುವುದಿಲ್ಲ. ಶತ್ರುವಿನ ಗುರುತನ್ನು ದೇಹದ ರಕ್ಷಣಾ ಪಡೆಗೆ ಕಲಿಸಿಕೊಡುತ್ತದೆ. ಈ ಗುರುತಿಗೆ ಪ್ರತಿಜನಕವೆಂದು ಹೆಸರು. 1891ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ ಎಂಬಾತನು ಗಡ್ಡೆಯ ರೋಗಿಗೆ ಬೇಕೆಂದೇ ಬ್ಯಾಕ್ಟೀರಿಯಾಗಳನ್ನು ಚುಚ್ಚಿ ಜ್ವರ ಬರಿಸಿದನು. ಆತನ ರೋಗಿಗಳಲ್ಲಿ ಕೆಲವರ ಗಡ್ಡೆಗಳು ಕರಗಿದವು. ಏಕೆಂಬುದು ಅಂದು ತಿಳಿಯಲಿಲ್ಲ. ನೂರು ವರ್ಷಗಳ ಬಳಿಕ, 1991ರಲ್ಲಿ, ಬ್ರಸೆಲ್ಸ್ ನಗರದ ಥಿಯೆರಿ ಬೂನ್ ಮತ್ತು ಸಂಗಡಿಗರು ಚರ್ಮದ ಕ್ಯಾನ್ಸರಿನ ಕೋಶಗಳಲ್ಲಿ, ರೋಗಿಯ ಬಿಳಿಯ ರಕ್ತಕಣಗಳು ಗುರುತಿಸಬಲ್ಲ ಒಂದು ಪ್ರತಿಜನಕದ ಜೀನನ್ನು ಕಂಡುಹಿಡಿದರು. ಕಳೆಗೂ ತನ್ನದೇ ಗುರುತುಂಟೆಂಬುದು ಖಚಿತವಾಯಿತು.

ಆದರೆ ಗುರುತು ದೊರೆತ ಮಾತ್ರಕ್ಕೆ ಗೆಲುವು ದೊರೆಯಲಿಲ್ಲ. ಗಡ್ಡೆಯ ಗುರುತುಗಳು ರೋಗಿಯಿಂದ ರೋಗಿಗೆ ಬೇರೆಯಾಗುತ್ತವೆ. ಕೆಲವು ಆರೋಗ್ಯವಂತ ಕೋಶಗಳಲ್ಲಿಯೂ ಇರುತ್ತವೆ. ಗಡ್ಡೆಯು ತನ್ನ ಗುರುತನ್ನು ಮರೆಸಿಕೊಳ್ಳುವುದೂ ಉಂಟು. 2010ರಲ್ಲಿ ಅಮೆರಿಕವು ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಒಂದು ಚಿಕಿತ್ಸಾ ಲಸಿಕೆಯನ್ನು ಅಂಗೀಕರಿಸಿತು. ಅದರಿಂದ ರೋಗಿಗಳ ಆಯುಸ್ಸು ಸರಿಸುಮಾರು 4 ತಿಂಗಳು ಹೆಚ್ಚಿತು. ರೋಗಿಯ ಮನೆಯವರಿಗೆ ಆ ತಿಂಗಳುಗಳು ಅಮೂಲ್ಯ. ಆದರೂ ಅದನ್ನು ರೋಗಪರಿಹಾರವೆನ್ನಲಾಗದು. ಇಂದು ಒಬ್ಬೊಬ್ಬ ರೋಗಿಯ ಗಡ್ಡೆಯನ್ನೂ ಪರೀಕ್ಷಿಸಿ, ಅವರವರಿಗೆ ತಕ್ಕ ಲಸಿಕೆಯನ್ನು ರೂಪಿಸುವ ಪ್ರಯೋಗಗಳು ಸಾಗಿವೆ.

ಎಲ್ಲ ಕ್ಯಾನ್ಸರುಗಳ ಬೇರೂ ಒಳಗೇ ಇರುವುದಿಲ್ಲ. ಕೆಲವಕ್ಕೆ ವೈರಸ್ಸೇ ಮೂಲ. ಅಲ್ಲಿ ಶತ್ರು ಪರಕೀಯ, ಗುರುತು ಸ್ಪಷ್ಟ, ಲಸಿಕೆಯೂ ಸುಲಭಸಾಧ್ಯ. ಗರ್ಭಕಂಠದ ಕ್ಯಾನ್ಸರಿಗೆ ಪ್ಯಾಪಿಲೋಮ ವೈರಸ್ ಕಾರಣವೆಂದು ತೋರಿಸಿದ ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಅದೇ ವರ್ಷ ಸ್ಕಾಟ್ಲೆಂಡಿನ ಶಾಲೆಗಳಲ್ಲಿ ಬಾಲಿಕೆಯರಿಗೆ ಈ ವೈರಸ್ಸಿನ ವಿರುದ್ಧ ಲಸಿಕೆ ಹಾಕಲಾರಂಭಿಸಿದರು. 12–13ರ ವಯಸ್ಸಿನಲ್ಲಿ ಲಸಿಕೆ ಪಡೆದವರಲ್ಲಿ ಒಬ್ಬರಿಗೂ ಆ ಕ್ಯಾನ್ಸರ್ ಕಾಣಿಸಿಕೊಂಡಿಲ್ಲವೆಂದು 2024ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿತು. 2023ರಿಂದ ಪುಣೆಯಲ್ಲಿ ತಯಾರಾದ ಸ್ವದೇಶಿ ಲಸಿಕೆಯೂ ಲಭ್ಯವಿದೆ.

ಭಾರತೀಯ ಸ್ತ್ರೀಯರನ್ನು ಬಾಧಿಸುವ ಕ್ಯಾನ್ಸರುಗಳಲ್ಲಿ ಸ್ತನದ ಕ್ಯಾನ್ಸರಿನ ನಂತರದ ಸ್ಥಾನ ಇದರದು. ಹೀಗಿದ್ದೂ ಸಂಕೋಚದಿಂದಲೋ ಅಪನಂಬಿಕೆಯಿಂದಲೋ ಹಲವರು ಲಸಿಕೆಯ ಮಾತೆತ್ತುವುದಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಇಲ್ಲಿಯೂ ನಿಜವಾಗುತ್ತಿದೆ. ನಾಳೆ ಬರಬಹುದಾದ ಅದ್ಭುತಕ್ಕಾಗಿ ಬಾಯಿಬಿಟ್ಟು ಕಾಯುತ್ತ, ಇಂದು ಕೈಗೆಟುಕುವ ರಕ್ಷಣೆಯನ್ನು ಕಡೆಗಣಿಸುವುದು ವಿವೇಕವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಈ ಲಸಿಕೆಗೆ ಮುಖ್ಯವಾಗಿ ಸೂಚಿಸಿರುವುದು 9ರಿಂದ 14 ವರ್ಷದ ಬಾಲಿಕೆಯರನ್ನು. ಲಸಿಕೆ ಪಡೆದವರೂ ದೊಡ್ಡವರಾದ ಮೇಲೆ ತಪಾಸಣೆ ಮಾಡಿಸಿಕೊಳ್ಳುವುದು ಅಗತ್ಯ. ಒಳಗಿನ ಹಗೆಯನ್ನು ಗೆಲ್ಲುವ ವಿದ್ಯೆಯನ್ನು ವಿಜ್ಞಾನಿಗಳು ಇನ್ನೂ ಅರಸುತ್ತಿದ್ದಾರೆ. ಹೊರಗಿನ ಹಗೆಗೆ ಬಾಗಿಲು ಮುಚ್ಚುವ ಕೆಲಸವಾದರೋ ಪ್ರತಿಯೊಂದು ಮನೆಯದು.